ಕಟ್ಟಿಂಗೇರಿಯಿಂದ ಕಾಲಾ ಘೋಡಾಕ್ಕೆ

ಕೋಟೆ ವಿಭಾಗದ ಕಚೇರಿಗಳಲ್ಲಿಯೂ ಹೋಟೆಲುಗಳಲ್ಲಿಯೂ ದುಡಿಯುವ ನಮ್ಮಲ್ಲಿ ಅನೇಕರು ದಿನಂಪ್ರತಿ ಕಾಲಾ ಘೋಡಾವನ್ನು ಹಾದುಹೋಗುತ್ತೇವೆ. ಅಲ್ಲಿ ವಸ್ತುಸಂಗ್ರಹಾಲಯದ ನೆರೆಯಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯಿದೆ. ಒಳಗೆ ಹೋಗಲು ಶುಲ್ಕವಿಲ್ಲ. ಆದರೂ ಅದರ ಹೊಸ್ತಿಲನ್ನು ದಾಟಿದವರು ನಮ್ಮಲ್ಲಿ ವಿರಳ. ಚಿತ್ರಗಳು ಸಿರಿವಂತರ ಸೊತ್ತು, ನಮ್ಮಂಥವರಿಗೆ ಅಲ್ಲೇನು ಕೆಲಸ ಎಂಬ ಸಂಕೋಚವು ನಮ್ಮನ್ನು ಹೊರಗೇ ನಿಲ್ಲಿಸಿದೆ. ಆ ಮಂದಿರವು ನಿರ್ಮಾಣವಾಗಲು ಪ್ರೇರಕರಾದವರಲ್ಲಿ ಒಬ್ಬರು ಉಡುಪಿಯ ಕಡೆಯವರೆಂಬುದನ್ನು ಅರಿತರೆ ಈ ಸಂಕೋಚವು ನೀಗೀತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ನೆಯ ಇಸವಿ ಜೂನ್ 15ರಂದು ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ತರುಣರಾಗಿ ನಮ್ಮೆಲ್ಲರಂತೆ ಅವರೂ ಊರು ಬಿಟ್ಟು ಮುಂಬಯಿಗೆ ಬಂದರು. ಇಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾ ಮಂದಿರದಲ್ಲಿ ಅಭ್ಯಾಸ ಮಾಡಿದರು. ಬಳಿಕ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1940ರಿಂದ 1945ರ ವರೆಗೆ ಅಲ್ಲಿಯೇ ಅಧ್ಯಾಪಕರಾದರು.

ಕಲಿತ ವಿದ್ಯೆಯಿಂದಲೇ ಅವರು ತೃಪ್ತರಾಗಲಿಲ್ಲ. ಪಾಶ್ಚಾತ್ಯ ರೀತಿಯ ಯಥಾವತ್ ಚಿತ್ರಣವು ಕೈವಶವಾಗಿದ್ದರೂ, ಅದರಲ್ಲಿ ತಮ್ಮ ನಾಡಿನ ಉಸಿರು ಇಲ್ಲವೆಂದು ಅವರಿಗೆ ತೋರಿತು. ಅಜಂತೆಯ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳ ಕಿರುಚಿತ್ರಗಳು, ಅಮೃತಾ ಶೇರ್‌ಗಿಲ್‌ರ ಕೃತಿಗಳು ಅವರಿಗೆ ದಾರಿ ತೋರಿದುವು. ಕೇರಳದ ನೆಲವನ್ನೂ ಜನಜೀವನವನ್ನೂ ಚಿತ್ರಿಸಿದ ಕೃತಿಗಳಲ್ಲಿ ಅವರ ಸ್ವಂತ ಕೈ ಪಳಗಿತು. 1949ರಲ್ಲಿ ಪ್ಯಾರಿಸಿಗೆ ತೆರಳಿ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದ ಮೇಲೆಯೂ ಅವರ ಕುಂಚವು ತೌಳವ ನಾಡನ್ನು ಮರೆಯಲಿಲ್ಲ. ನಮಗೆ ಚಿರಪರಿಚಿತವಾದ ಕೋಳಿ ಅಂಕವೂ ಅವರ ಚಿತ್ರಗಳಿಗೆ ವಸ್ತುವಾಯಿತು. ರೇಖೆಯಲ್ಲಿ ಲಯವನ್ನು ಹಿಡಿಯಬೇಕೆಂಬ ಹಂಬಲದಿಂದ ಅವರು ಗುರುಮುಖೇನ ಕಥಕ್ ನೃತ್ಯವನ್ನೂ ಅಭ್ಯಸಿಸಿದರೆಂದರೆ, ಅವರ ಸಾಧನೆಯ ನಿಷ್ಠೆ ಎಂಥದೆಂಬುದನ್ನು ಊಹಿಸಬಹುದು.

ಕಲಾವಿದರ ಕೃತಿಗಳನ್ನು ಸಾರ್ವಜನಿಕರು ನೋಡಲು ತಕ್ಕ ಶಾಶ್ವತ ಮಂದಿರವೊಂದು ಮುಂಬಯಿಗೆ ಬೇಕೆಂದು ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದರು. ಸರ್ ಕಾವಸಜಿ ಜಹಾಂಗೀರರು ಗತಿಸಿದ ತಮ್ಮ ಪುತ್ರನ ಸ್ಮರಣಾರ್ಥ ಧನವನ್ನಿತ್ತರು. 1952ರಲ್ಲಿ ಗ್ಯಾಲರಿಯು ತೆರೆಯಿತು. ಒಬ್ಬ ಪಾರ್ಸಿ ಮಹನೀಯನ ಪುತ್ರಶೋಕವೂ ಒಬ್ಬ ಕನ್ನಡಿಗನ ಕಲಾಕಾಳಜಿಯೂ ಹೀಗೆ ಒಂದೇ ಸೂರಿನಡಿ ಕೂಡಿದುವು.

ಹೆಬ್ಬಾರರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಲಭಿಸಿದುವು. 1996ರ ಮಾರ್ಚ್ 26ರಂದು ಅವರು ಮುಂಬಯಿಯಲ್ಲಿಯೇ ದಿವಂಗತರಾದರು.

ಮಹನೀಯರ ಹೆಸರನ್ನು ಹೇಳಿ ಹೆಮ್ಮೆಪಡುವುದು ಸುಲಭ. ಅವರು ಬಯಸಿದ್ದನ್ನು ನಡೆಸುವುದು ಅಷ್ಟೇನೂ ಕಷ್ಟವಲ್ಲ. ಮುಂದಿನ ರಜಾದಿನದಂದು ಅರ್ಧ ಗಂಟೆಯ ಬಿಡುವು ಮಾಡಿಕೊಂಡು ನಾವು ಆ ಮೆಟ್ಟಿಲುಗಳನ್ನು ಹತ್ತೋಣ. ಗೋಡೆಯ ಮೇಲೆ ಅಂದು ಯಾರ ಚಿತ್ರಗಳೇ ಇರಲಿ, ನಿಂತು ನೋಡೋಣ. ಎಲ್ಲವೂ ಅರ್ಥವಾಗದಿದ್ದರೆ ನಾಚಬೇಕಾಗಿಲ್ಲ. ಕಟ್ಟಿಂಗೇರಿಯ ಹುಡುಗನೂ ಮೊದಲು ನೋಡಿಯೇ ಕಲಿತನು.