ವಿದ್ಯುತ್ತಿನ ಲೆಕ್ಕಿಗ ಸ್ಟೈನ್‌ಮೆಟ್ಸ್

ವಿದ್ಯುದ್ದೀಪದ ಮಾತು ಬಂದೊಡನೆ ಎಡಿಸನ್ನರ ಹೆಸರು ಎಲ್ಲರ ನಾಲಗೆಯ ಮೇಲೂ ಬರುವುದು. ಆದರೆ ನೂರಾರು ಮೈಲಿ ದೂರದ ವಿದ್ಯುದಾಗಾರದಿಂದ ಆ ದೀಪಕ್ಕೆ ಶಕ್ತಿಯನ್ನು ತಂದು ಮುಟ್ಟಿಸುವ ತಂತಿಜಾಲವು ಒಂದು ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕವನ್ನು ಸಾಮಾನ್ಯ ಇಂಜಿನಿಯರರ ಕೈಗೆ ನಿಲುಕುವಂತೆ ಮಾಡಿದವರು ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್. ದೇಶದೊಳಕ್ಕೆ ಬಿಡಲು ತಕ್ಕವನಲ್ಲವೆಂದು ಅಮೆರಿಕದ ಬಂದರಿನ ಅಧಿಕಾರಿಗಳು ಹಿಂದಕ್ಕೆ ಕಳುಹಿಸಲು ಹೊರಟಿದ್ದುದು ಇವರನ್ನೇ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಅನ್ನ ಹುಡುಕಿಕೊಂಡ ನಮ್ಮ ವಾಚಕರಿಗೆ ಈ ಚರಿತ್ರೆಯು ಹೊರಗಿನದೆಂದು ತೋರಲಾರದೆಂಬ ನಂಬಿಕೆಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ಅವರು ಹುಟ್ಟಿದುದು 1865ರ ಏಪ್ರಿಲ್ 9ರಂದು, ಆಗ ಪ್ರಷ್ಯಕ್ಕೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಆ ನಗರವು ಇಂದು ಪೋಲೆಂಡಿನಲ್ಲಿದೆ. ತಂದೆಯು ರೈಲ್ವೆಯಲ್ಲಿ ನೌಕರ. ತಂದೆಗೂ ಅಜ್ಜನಿಗೂ ಇದ್ದ ಗೂನುಬೆನ್ನು ಮಗುವಿಗೂ ಬಂದಿತು. ಸೊಂಟದ ಕೀಲು ಸರಿಯಿಲ್ಲದೆ ನಡಿಗೆಯೂ ಓರೆ. ಬೆಳೆದು ದೊಡ್ಡವರಾದಾಗ ಅವರ ಎತ್ತರ ನಾಲ್ಕಡಿಯಷ್ಟೇ. ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡುದರಿಂದ ಅಜ್ಜಿಯೇ ಸಾಕಿದಳು.

ಗಣಿತವು ಮಾತ್ರ ಆ ಬಾಲಕನಿಗೆ ಒಲಿದು ಬಂದಿತ್ತು. ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಗಾಗಿ ಪ್ರಬಂಧವು ಸಿದ್ಧವಾಗುತ್ತಿದ್ದ ಕಾಲದಲ್ಲಿ ರಾಜಕೀಯವು ಅಡ್ಡ ಬಂದಿತು. ಬಿಸ್ಮಾರ್ಕನು ಸಮಾಜವಾದಿಗಳನ್ನು ಹತ್ತಿಕ್ಕಲು ಕಾನೂನು ಮಾಡಿದ್ದ ದಿನಗಳವು. ವಿದ್ಯಾರ್ಥಿಯಾದ ಸ್ಟೈನ್‌ಮೆಟ್ಸ್ ಸಮಾಜವಾದಿಗಳ ಪತ್ರಿಕೆಯೊಂದಕ್ಕೆ ಸಂಪಾದಕತ್ವ ವಹಿಸಿದ್ದರು. (ಪತ್ರಿಕೆ ನಡೆಸುವ ಕಷ್ಟ ಯಾವ ದೇಶದಲ್ಲಿಯೂ ಒಂದೇ!) ಪೊಲೀಸರು ಹಿಡಿಯುವರೆಂಬ ಸುದ್ದಿ ತಿಳಿದು 1888ರಲ್ಲಿ ಪದವಿಯನ್ನು ಅಲ್ಲಿಯೇ ಬಿಟ್ಟು ಸ್ವಿಟ್ಸರ್‌ಲೆಂಡಿನ ಜ್ಯೂರಿಕ್ ನಗರಕ್ಕೆ ಓಡಿದರು. ಅಲ್ಲಿಂದ ಮರುವರ್ಷ ಆಸ್ಮುಸನ್ ಎಂಬ ಸ್ನೇಹಿತನೊಡನೆ ಹಡಗಿನ ಕೆಳತಟ್ಟಿನಲ್ಲಿ ನ್ಯೂಯಾರ್ಕಿಗೆ ಪ್ರಯಾಣ ಮಾಡಿದರು.

ಕೈಯಲ್ಲಿ ಹಣವಿಲ್ಲ, ಬಾಯಲ್ಲಿ ಇಂಗ್ಲಿಷಿಲ್ಲ, ಬೆನ್ನು ನೆಟ್ಟಗಿಲ್ಲ. ಸಾರ್ವಜನಿಕರಿಗೆ ಹೊರೆಯಾಗುವ ಆಳೆಂದು ವಲಸೆಯ ಅಧಿಕಾರಿಗಳು ತಡೆದು ನಿಲ್ಲಿಸಿದರು. ಆಗ ಆಸ್ಮುಸನ್ ಮುಂದೆ ಬಂದು, ತನ್ನ ಕೈಯಲ್ಲಿದ್ದ ಹಣವನ್ನು ತೋರಿಸಿ, ಈತನ ಭಾರವೆಲ್ಲ ತನ್ನದೆಂದು ಹೊಣೆ ನಿಂತನು. ಹಡಗಿನಿಂದ ಇಳಿದವನಿಗೆ ಹೊಣೆ ನಿಲ್ಲುವ ಒಬ್ಬನಿದ್ದರೆ ಬದುಕು ಹೇಗೆ ತಿರುಗುವುದೆಂಬುದನ್ನು, ಊರಿನವರ ಕೈ ಹಿಡಿದು ಮುಂಬಯಿಗೆ ಬಂದಿಳಿದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಎಂಬಲ್ಲಿ ಐಕೆಮೆಯರ್ ಎಂಬವರ ಕಾರ್ಖಾನೆಯಿತ್ತು. ಅವರೂ ಹಿಂದೆ ಜರ್ಮನಿಯಿಂದ ಬಂದವರೇ. ಟೋಪಿ ಹೊಲಿಯುವ ಯಂತ್ರಗಳಿಂದ ಹಣ ಮಾಡಿ, ಆಮೇಲೆ ವಿದ್ಯುದ್ಯಂತ್ರಗಳ ಕಡೆಗೆ ತಿರುಗಿದವರು. ಅಲ್ಲಿ ವಾರಕ್ಕೆ 12 ಡಾಲರ್ ಸಂಬಳದ ಮೇಲೆ ನಕ್ಷೆ ಬರೆಯುವ ಕೆಲಸ ದೊರೆಯಿತು.

ಮೋಟಾರುಗಳು ಏಕೆ ಬಿಸಿಯಾಗುತ್ತವೆಂಬ ಪ್ರಶ್ನೆಯು ಅವರನ್ನು ಹಿಡಿದುದು ಅಲ್ಲಿಯೇ. ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳು ಹಿಟ್ಟು ರುಬ್ಬುವ ಯಂತ್ರವನ್ನು ಬಲ್ಲರು. ಎರಡು ಗಂಟೆ ಓಡಿದ ಮೇಲೆ ಅದರ ಮೋಟಾರಿನ ಮೈ ಮುಟ್ಟಿದರೆ ಕೈ ಚುರುಗುಟ್ಟುವುದು. ಆ ಬಿಸಿಯು ಯಜಮಾನನು ಬಿಲ್ಲು ಕಟ್ಟಿ ಕೊಂಡ ವಿದ್ಯುತ್ತೇ. ಹಿಟ್ಟಿಗೆ ಸಲ್ಲದೆ ಗಾಳಿಗೆ ಹೋಗುತ್ತಿರುವ ಭಾಗ. ಅದರಲ್ಲಿ ಒಂದು ಪಾಲು ತಾಮ್ರದ ತಂತಿಯದು, ಒಂದು ಪಾಲು ತಿಕ್ಕಾಟದ್ದು, ಇನ್ನೊಂದು ಪಾಲು ಕಬ್ಬಿಣದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಬದಲಿಸಿದಾಗಲೆಲ್ಲ ಮೋಟಾರಿನ ಕಬ್ಬಿಣವೂ ತನ್ನ ಅಯಸ್ಕಾಂತ ಗುಣವನ್ನು ಹೊರಳಿಸಬೇಕು. ಹಾಗೆ ಹೊರಳಿಸಲು ಅದು ಪಡುವ ಶ್ರಮವೇ ಶಾಖ. ಅದುವರೆಗೆ ಈ ನಷ್ಟವೆಷ್ಟೆಂದು ತಿಳಿಯಲು ಯಂತ್ರವನ್ನು ಕಟ್ಟಿ ಓಡಿಸಿಯೇ ನೋಡಬೇಕಾಗಿತ್ತು. ಸ್ಟೈನ್‌ಮೆಟ್ಸ್ ಬಗೆಬಗೆಯ ಕಬ್ಬಿಣಗಳನ್ನು ಪರೀಕ್ಷಿಸಿ 1892ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ಅದರ ಪ್ರಕಾರ ಕಬ್ಬಿಣದ ಅಯಸ್ಕಾಂತ ಬಲವನ್ನು ಇಮ್ಮಡಿಗೊಳಿಸಿದರೆ ಈ ನಷ್ಟವು ಸುಮಾರು ಮೂರು ಮಡಿಯಾಗುವುದು. ಇನ್ನು ಯಂತ್ರವು ಕಾಗದದ ಮೇಲಿರುವಾಗಲೇ ಅದರ ನಷ್ಟವನ್ನು ಎಣಿಸಬಹುದಾಯಿತು. ವಲಸೆ ಬಂದು ಮೂರು ವರ್ಷ ತುಂಬುವ ಮೊದಲೇ ಅವರ ಹೆಸರು ದೇಶದ ಇಂಜಿನಿಯರರಿಗೆಲ್ಲ ತಿಳಿಯಿತು.

ಮರುವರ್ಷ ಚಿಕಾಗೋ ನಗರದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅವರು ಓದಿದ ಪ್ರಬಂಧವು ಇದಕ್ಕಿಂತಲೂ ದೊಡ್ಡದೆಂದು ನಮ್ಮ ಅಭಿಪ್ರಾಯ. ಇಬ್ಬರು ಹಮಾಲರು ಒಂದು ಕೋಲಿಗೆ ಅಕ್ಕಿಮೂಟೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹೆಜ್ಜೆ ಕೂಡದಿದ್ದರೆ ಹೇಗೋ, ಪರ್ಯಾಯ ಪ್ರವಾಹದಲ್ಲಿ ವೋಲ್ಟೇಜೂ ಕರೆಂಟೂ ಹಾಗೆ. ಎರಡೂ ಏರಿ ಇಳಿಯುತ್ತವೆ. ಆದರೆ ಒಂದು ಮುಂದೆ, ಇನ್ನೊಂದು ಹಿಂದೆ. ಹೆಜ್ಜೆ ತಪ್ಪಿದಷ್ಟೂ ಹೊರುವ ಭಾರವು ಸಾಲದೆ ಬರುವುದು. ಇದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಲು ಕಠಿಣವಾದ ಗಣಿತ ಬೇಕಾಗಿತ್ತು. ಸ್ಟೈನ್‌ಮೆಟ್ಸ್ ಅದಕ್ಕೆ ಗಡಿಯಾರದ ಮುಳ್ಳಿನಂತಹ ಒಂದು ಉಪಾಯ ತೋರಿಸಿದರು. ಮುಳ್ಳಿನ ಉದ್ದವು ಪ್ರವಾಹದ ಪ್ರಮಾಣ. ಮುಳ್ಳು ತಿರುಗಿರುವ ಕೋನವು ಅದರ ಹೆಜ್ಜೆ. ಗಣಿತಶಾಸ್ತ್ರದಲ್ಲಿ ಮೊದಲೇ ಇದ್ದ ಮಿಶ್ರ ಸಂಖ್ಯೆಗಳಿಂದ ಈ ಎರಡನ್ನೂ ಒಟ್ಟಿಗೆ ಬರೆದರೆ, ಮುಂದಿನದೆಲ್ಲ ಕೂಡುವ ಕಳೆಯುವ ಕೆಲಸ. 1897ರಲ್ಲಿ ಇದೇ ವಿಷಯದ ಮೇಲೆ ಅವರ ದೊಡ್ಡ ಗ್ರಂಥವು ಹೊರಬಂದಿತು.

ಆ ವೇಳೆಗೆ ಐಕೆಮೆಯರರ ಕಾರ್ಖಾನೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯು ಕೊಂಡು, ಸ್ಟೈನ್‌ಮೆಟ್ಸ್ ಸ್ಕೆನೆಕ್ಟಡಿ ನಗರದಲ್ಲಿದ್ದ ಅದರ ಕಾರ್ಖಾನೆಗೆ ಬಂದಿದ್ದರು. ಈ ಕಂಪನಿಯ ಹೆಸರು ಕನ್ನಡಿಗರಿಗೆ ಹೊಸತಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿಯ ಮೇಲೆ ವಿದ್ಯುತ್ತು ಹರಿದಾಗ, ಅದನ್ನು ಹುಟ್ಟಿಸಿದ ಯಂತ್ರಗಳು ಈ ಕಂಪನಿಯವೇ. ಅಷ್ಟು ದೂರದ ತಂತಿಯಲ್ಲಿ ಎಷ್ಟು ಸೋರುವುದು, ಎಷ್ಟು ಉಳಿಯುವುದೆಂದು ಮೊದಲೇ ತಿಳಿಯದೆ ಅಂತಹ ಸಾಹಸಕ್ಕೆ ಹಣ ಹಾಕುವವರಾರು?

ಆ ಮುಳ್ಳಿನ ಲೆಕ್ಕವು ಇಂದಿಗೂ ಹಳೆಯದಾಗಿಲ್ಲ. ಈಗ ಸ್ಮಾರ್ಟ್ ಗ್ರಿಡ್ ಎಂದು ಕರೆಯುವ, ತನ್ನ ಸ್ಥಿತಿಯನ್ನು ತಾನೇ ಅಳೆದುಕೊಳ್ಳುವ ತಂತಿಜಾಲಕ್ಕೆ ಅದೇ ಕಣ್ಣು. 1988ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಭಾರತದಲ್ಲಿ ಹುಟ್ಟಿದ ಅರುಣ್ ಫಡ್ಕೆ ಮತ್ತು ಅವರ ಸಂಗಡಿಗರು ಒಂದು ಉಪಕರಣವನ್ನು ರಚಿಸಿದರು. ಉಪಗ್ರಹಗಳಿಂದ ಬರುವ ಕಾಲಸೂಚನೆಯನ್ನು ಹಿಡಿದು, ನೂರಾರು ಮೈಲಿ ಅಂತರದ ಊರುಗಳಲ್ಲಿ ಆ ಮುಳ್ಳು ಒಂದೇ ಕ್ಷಣದಲ್ಲಿ ಎಲ್ಲೆಲ್ಲಿ ನಿಂತಿದೆಯೆಂದು ಅದು ಸೆಕೆಂಡಿಗೆ ಹತ್ತಾರು ಸಲ ಹೇಳುತ್ತದೆ. ಎರಡು ಊರುಗಳ ಮುಳ್ಳುಗಳ ನಡುವಣ ಕೋನವು ಮಿತಿಮೀರಿ ಬೆಳೆದರೆ ಜಾಲವು ಹರಿಯುವ ಅಪಾಯವಿದೆಯೆಂದು ತಿಳಿಯಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲವು ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಪ್ರಾಂತಗಳನ್ನೂ ಸೇರಿಸಿಕೊಂಡು ಸುಮಾರು 60 ಕೋಟಿ ಜನರು ಕತ್ತಲೆಯಲ್ಲಿ ಮುಳುಗಿದಾಗ, ಕುಸಿತದ ಬಗೆಯನ್ನು ಪರಿಶೀಲಿಸಿದವರಿಗೆ ಈ ಉಪಕರಣಗಳ ದಾಖಲೆಗಳು ನೆರವಾದವು. ದಕ್ಷಿಣದ ಜಾಲವು ಆಗ ಬೇರೆಯೇ ಹೆಜ್ಜೆಯಲ್ಲಿ ನಡೆಯುತ್ತಿದ್ದುದರಿಂದ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿಯ ಮೂಲಕ ಅದೂ ದೇಶದ ಜಾಲದೊಡನೆ ಹೆಜ್ಜೆ ಕೂಡಿಸಿತು. ಊರಿನ ಮನೆಯ ದೀಪಕ್ಕೂ ಪುಣೆ, ದೆಹಲಿಗಳ ಹೋಟೆಲಿನ ದೀಪಕ್ಕೂ ಅಂದಿನಿಂದ ಒಂದೇ ತಾಳ.

ಮತ್ತೆ ಸ್ಟೈನ್‌ಮೆಟ್ಸ್‌ರ ಚರಿತ್ರೆಗೆ ಬರೋಣ. ಕಾರ್ಖಾನೆಯ ದಿನಗೆಲಸದ ಗಲಾಟೆಯಿಂದ ದೂರವಾಗಿ, ಬರಿಯ ಶೋಧನೆಗಾಗಿಯೇ ಒಂದು ಪ್ರಯೋಗಶಾಲೆ ಬೇಕೆಂದು ಅವರು ಕಂಪನಿಯನ್ನು ಒತ್ತಾಯಪಡಿಸಿದರು. 1900ರಲ್ಲಿ ಅದು ಪ್ರಾರಂಭವಾದುದು ಅವರ ಮನೆಯ ಹಿಂದಿನ ಬಂಡಿಕೊಟ್ಟಿಗೆಯಲ್ಲಿ! ಮುಂದೆ ಅದು ಜಗತ್ತಿನ ಹೆಸರಾಂತ ಸಂಶೋಧನಾಲಯಗಳಲ್ಲಿ ಒಂದಾಗಿ ಬೆಳೆಯಿತು.

ತಮ್ಮ ಅಂಗವಿಕಾರವು ಮಕ್ಕಳಿಗೂ ಬರಬಹುದೆಂಬ ಭಯದಿಂದ ಅವರು ಮದುವೆಯಾಗಲಿಲ್ಲ. ಆದರೆ ಒಂಟಿಮನೆ ಅವರಿಗೆ ಸಹಿಸದು. ಪ್ರಯೋಗಶಾಲೆಯ ಸಹಾಯಕನಾದ ಹೇಡನ್ ಎಂಬ ಯುವಕನನ್ನು, ಅವನ ಮದುವೆಯಾದ ಮೇಲೆ ಹೆಂಡತಿಯೊಡನೆ ತಮ್ಮ ಮನೆಗೇ ಕರೆದು, ಕೊನೆಗೆ ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡರು. ಆ ದಂಪತಿಗಳಿಗೆ ಮೂವರು ಮಕ್ಕಳಾದರು. ವಂಶವು ತಮ್ಮಲ್ಲಿಗೇ ನಿಲ್ಲಬೇಕೆಂದಿದ್ದ ಮನುಷ್ಯನನ್ನು ಅಜ್ಜನೆಂದು ಕರೆಯಲು ಮನೆ ತುಂಬ ಮಕ್ಕಳು!

ದೊಡ್ಡ ಬಂಡವಾಳದ ಕಂಪನಿಯ ಸಂಬಳ ಪಡೆಯುತ್ತ ಸಮಾಜವಾದಿಯಾಗಿಯೇ ಉಳಿದುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಮಗೂ ಅದು ಪೂರ್ಣ ಹೊಂದಿಕೆಯಾಗಿ ತೋರುವುದಿಲ್ಲ. ಆದರೆ ನಗರದ ಶಿಕ್ಷಣ ಮಂಡಲಿಯ ಅಧ್ಯಕ್ಷರಾಗಿ ಅವರು ನಡೆಸಿದ ಕೆಲಸದಲ್ಲಿ ಹೊಂದಿಕೆಯ ಕೊರತೆಯಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಊಟ, ದಾದಿಯರು, ಬೆಲೆಯಿಲ್ಲದೆ ಪಠ್ಯಪುಸ್ತಕ, ವಲಸೆ ಬಂದವರ ಮಕ್ಕಳಿಗೆ ಬೇರೆ ತರಗತಿಗಳು: ಇವೆಲ್ಲ ಅವರ ಕಾಲದಲ್ಲಿ ಬಂದವು. ಇಂಗ್ಲಿಷು ಬಾರದೆ ಬಂದರಿನಲ್ಲಿ ನಿಂತ ದಿನವನ್ನು ಅವರು ಮರೆತಿರಲಾರರು. 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಇಂಜಿನಿಯರರ ಸ್ಥಾನಕ್ಕೆ ಚುನಾವಣೆಗೆ ನಿಂತು ಸೋತರು.

ಅದೇ ವರ್ಷ ಅವರು ಪ್ರಯೋಗಶಾಲೆಯಲ್ಲಿ ಕೃತಕ ಸಿಡಿಲನ್ನು ಹೊಡೆಯಿಸಿ ತೋರಿಸಿದರು. ಒಂದು ಲಕ್ಷ ವೋಲ್ಟಿಗೂ ಮಿಕ್ಕ ಆ ಹೊಡೆತಕ್ಕೆ ಮರದ ತುಂಡುಗಳು ಸಿಡಿದು ಚೂರಾದವು. ತಂತಿಯ ಮೇಲೆ ಸಿಡಿಲು ಎರಗಿದರೆ ಊರೆಲ್ಲ ಕತ್ತಲಾಗುತ್ತಿದ್ದ ಕಾಲ. ಸಿಡಿಲನ್ನು ತಡೆಯುವ ಉಪಕರಣಗಳನ್ನು ಮಳೆಗಾಲಕ್ಕೆ ಕಾಯದೆ ಪರೀಕ್ಷಿಸುವುದು ಇದರ ಉದ್ದೇಶ. ಪತ್ರಿಕೆಗಳು ಅವರನ್ನು ಮಾಂತ್ರಿಕನೆಂದು ಹೊಗಳಿದವು. ವೃದ್ಧರಾದ ಎಡಿಸನ್ನರೂ ಬಂದು ನೋಡಿ ಹೋದರು.

ಬೇಸಗೆಯಲ್ಲಿ ಅವರು ಊರ ಹೊರಗಿನ ಹೊಳೆಯ ದಡದಲ್ಲಿದ್ದ ಮರದ ಗುಡಿಸಲಿನಲ್ಲಿ ಇರುತ್ತಿದ್ದರು. ಸಣ್ಣ ದೋಣಿಗೆ ಅಡ್ಡಲಾಗಿ ಹಲಗೆಯಿಟ್ಟು, ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು, ನೀರಿನ ಮೇಲೆಯೇ ಲೆಕ್ಕ ಬರೆಯುವುದು ಅವರಿಗೆ ಪ್ರಿಯ. 1923ರ ಶರತ್ಕಾಲದಲ್ಲಿ ಹೇಡನ್ ಕುಟುಂಬದೊಡನೆ ದೇಶದ ಪಶ್ಚಿಮ ತೀರದವರೆಗೆ ಪ್ರವಾಸ ಮಾಡಿ ಬಂದು, ಅಕ್ಟೋಬರ್ 26ರಂದು ತಮ್ಮ ಮನೆಯಲ್ಲಿಯೇ ತೀರಿಕೊಂಡರು. ವಯಸ್ಸು 58. ಆ ಮರದ ಗುಡಿಸಲನ್ನು ಹೆನ್ರಿ ಫೋರ್ಡ್ ಮಹಾಶಯರು ಆಮೇಲೆ ಬಿಚ್ಚಿಸಿ ತಂದು ಡಿಯರ್‌ಬಾರ್ನಿನ ತಮ್ಮ ವಸ್ತುಸಂಗ್ರಹ ಗ್ರಾಮದಲ್ಲಿ ನಿಲ್ಲಿಸಿದರು.