ಬಾಬಾ ಬುಡನ್

ಬಾಬಾ ಬುಡನ್ ಅವರು 17ನೇ ಶತಮಾನದ ಸೂಫಿ ಸಂತರು. ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದವರೆಂದು ಪರಂಪರೆಯಲ್ಲಿ ಇವರು ಪ್ರಸಿದ್ಧರಾಗಿದ್ದಾರೆ. ಭಾರತದ ಕಾಫಿ ಬೆಳೆಯ ಆರಂಭವನ್ನು ಸಾಮಾನ್ಯವಾಗಿ ಈ ಘಟನೆಯಿಂದ ಗುರುತಿಸಲಾಗುತ್ತದೆ. ಅವರು ನೆಲೆಸಿದ್ದ ಗಿರಿಶ್ರೇಣಿಗೆ ಬಾಬಾ ಬುಡನ್ ಗಿರಿ ಎಂಬ ಹೆಸರು ಬಂದಿದೆ.

ಜೀವನ

ಬಾಬಾ ಬುಡನ್ ಅವರ ಜನನ, ಬಾಲ್ಯ ಮತ್ತು ಕುಟುಂಬವನ್ನು ಕುರಿತ ಸಮಕಾಲೀನ ದಾಖಲೆಗಳು ದೊರೆತಿಲ್ಲ. ಅವರ ಬದುಕಿನ ಬಗೆಗಿನ ವಿವರಗಳು ದರ್ಗಾದ ಪರಂಪರೆ, ಸ್ಥಳೀಯ ಐತಿಹ್ಯ ಮತ್ತು 19ನೇ ಶತಮಾನದ ಬರಹಗಳಿಂದ ತಿಳಿದುಬರುತ್ತವೆ. ಮೈಸೂರು ಸಂಸ್ಥಾನದ ಗೆಜೆಟಿಯರ್ ರಚಿಸಿದ ಬಿ. ಎಲ್. ರೈಸ್ ಅವರು ಈ ಐತಿಹ್ಯವನ್ನು ದಾಖಲಿಸಿದ್ದಾರೆ. ಪರಂಪರೆಯ ಪ್ರಕಾರ ಬಾಬಾ ಬುಡನ್ ಅವರು ಗಿರಿಯ ಗುಹೆಯಲ್ಲಿ ನೆಲೆಸಿದ್ದ ದಾದಾ ಹಯಾತ್ ಮೀರ್ ಖಲಂದರ್ ಅವರ ಶಿಷ್ಯವರ್ಗಕ್ಕೆ ಸೇರಿದವರು. ಕೆಲವು ಕಥನಗಳಲ್ಲಿ ಗುರು ಮತ್ತು ಶಿಷ್ಯ ಇಬ್ಬರನ್ನೂ ಒಬ್ಬರೇ ಎಂದು ಭಾವಿಸಲಾಗಿದೆ.

ಸೂಫಿಗಳು ಮತ್ತು ಕಾಫಿ

ಸೂಫಿ ಸಂತರೊಬ್ಬರ ಹೆಸರು ಕಾಫಿಯೊಡನೆ ಬೆಸೆದುಕೊಂಡಿರುವುದು ಆಕಸ್ಮಿಕವಲ್ಲ. ಕಾಫಿಯನ್ನು ಪಾನೀಯವಾಗಿ ರೂಢಿಗೆ ತಂದವರಲ್ಲಿ ಯೆಮೆನ್‌ನ ಸೂಫಿಗಳು ಪ್ರಮುಖರು. 15ನೇ ಶತಮಾನದಲ್ಲಿ ಅವರು ರಾತ್ರಿಯ ಧ್ಯಾನ ಮತ್ತು ನಾಮಸ್ಮರಣೆಯ ಕೂಟಗಳಲ್ಲಿ ನಿದ್ರೆ ಬಾರದಂತೆ ಈ ಪಾನೀಯವನ್ನು ಸೇವಿಸುತ್ತಿದ್ದರು. ಅರಬ್ಬೀ ಭಾಷೆಯಲ್ಲಿ ಇದಕ್ಕೆ ಕಹ್ವಾ ಎಂದು ಹೆಸರು. ಕಾಫಿ ಎಂಬ ಪದದ ಮೂಲವೂ ಇದೇ ಆಗಿದೆ. ಮುಂದೆ ಈ ರೂಢಿ ಮೆಕ್ಕಾ, ಕೈರೋ ಮತ್ತು ಇಸ್ತಾಂಬುಲ್ ನಗರಗಳಿಗೆ ಹರಡಿ, ಅಲ್ಲಿ ಕಾಫಿ ಮನೆಗಳು ಹುಟ್ಟಿಕೊಂಡವು. ಹಜ್ ಯಾತ್ರೆಗೆ ಹೋದ ಭಾರತೀಯರಿಗೆ ಅಲ್ಲಿ ಕಾಫಿಯ ಪರಿಚಯವಾಗುವುದು ಸಹಜವಾಗಿತ್ತು.

ಏಳು ಬೀಜಗಳ ಐತಿಹ್ಯ

ಕೆಂಪು ಸಮುದ್ರದ ತೀರದಲ್ಲಿರುವ ಮೋಕಾ ಆ ಕಾಲದ ಕಾಫಿ ವ್ಯಾಪಾರದ ಮುಖ್ಯ ಬಂದರಾಗಿತ್ತು. ಕಾಫಿಯ ಮೇಲಿನ ಏಕಸ್ವಾಮ್ಯವನ್ನು ಉಳಿಸಿಕೊಳ್ಳಲು ಅರಬ್ ವರ್ತಕರು ಬೀಜಗಳನ್ನು ಬೇಯಿಸಿ ಅಥವಾ ಹುರಿದು, ಮೊಳೆಯದಂತೆ ಮಾಡಿ ಮಾರುತ್ತಿದ್ದರು ಎಂದು ಹೇಳಲಾಗುತ್ತದೆ. ಮೆಕ್ಕಾ ಯಾತ್ರೆ ಮುಗಿಸಿ ಹಿಂದಿರುಗುವಾಗ ಬಾಬಾ ಬುಡನ್ ಅವರು ಮೊಳೆಯಬಲ್ಲ ಏಳು ಬೀಜಗಳನ್ನು ಗುಟ್ಟಾಗಿ ತಂದರೆಂಬುದು ಐತಿಹ್ಯ. ಬೀಜಗಳನ್ನು ಗಡ್ಡದಲ್ಲಿ ಅಡಗಿಸಿದ್ದರೆಂದು ಕೆಲವರು, ಸೊಂಟಕ್ಕೆ ಕಟ್ಟಿಕೊಂಡಿದ್ದರೆಂದು ಮತ್ತೆ ಕೆಲವರು, ಟೊಳ್ಳು ಊರುಗೋಲಿನಲ್ಲಿ ಇಟ್ಟಿದ್ದರೆಂದು ಇನ್ನು ಕೆಲವರು ಹೇಳುತ್ತಾರೆ. ಏಳು ಎಂಬ ಸಂಖ್ಯೆಗೆ ಇಸ್ಲಾಂ ಧರ್ಮದಲ್ಲಿ ಪಾವಿತ್ರ್ಯವಿದೆ. ಘಟನೆಯ ಕಾಲವನ್ನು ಸಾಮಾನ್ಯವಾಗಿ 1670 ಎಂದು ನಮೂದಿಸಲಾಗುತ್ತದೆ. ಕೆಲವು ಬರಹಗಳು ಇದನ್ನು 17ನೇ ಶತಮಾನದ ಆರಂಭಕ್ಕೆ ಒಯ್ಯುತ್ತವೆ.

ಸಸ್ಯಶಾಸ್ತ್ರದ ದೃಷ್ಟಿಯಿಂದ ಈ ಐತಿಹ್ಯ ಅಸಂಭವವೇನಲ್ಲ. ಅರೇಬಿಕಾ ಕಾಫಿ ಸ್ವಕೀಯ ಪರಾಗಸ್ಪರ್ಶದಿಂದ ಕಾಯಿಬಿಡುವ ಸಸ್ಯ. ಆದ್ದರಿಂದ ಕೆಲವೇ ಬೀಜಗಳಿಂದ ಒಂದು ತೋಟವನ್ನು ಬೆಳೆಸಲು ಸಾಧ್ಯ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕಾಗುತ್ತದೆ. ಚಂದ್ರದ್ರೋಣ ಶ್ರೇಣಿಯ ಎತ್ತರ, ತಂಪು ಹವೆ, ಮರಗಳ ನೆರಳು ಮತ್ತು ಹೂವರಳಿಸುವ ಬೇಸಿಗೆಯ ಮಳೆ ಅರೇಬಿಕಾ ಬೆಳೆಗೆ ಅನುಕೂಲಕರವಾಗಿವೆ.

ಐತಿಹಾಸಿಕ ಪರಿಶೀಲನೆ

ಪಾನೀಯವಾಗಿ ಕಾಫಿ ಭಾರತಕ್ಕೆ ಬಂದ ಕಾಲ ಮತ್ತು ಬೆಳೆಯಾಗಿ ಬಂದ ಕಾಲ ಇವೆರಡನ್ನು ಬೇರೆಯಾಗಿ ನೋಡಬೇಕಾಗುತ್ತದೆ. ಮೊಘಲ್ ಚಕ್ರವರ್ತಿ ಜಹಾಂಗೀರನ ಆಸ್ಥಾನಕ್ಕೆ ಬಂದ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಅವರೊಡನಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ, ಈ ದೇಶದಲ್ಲಿ ಕಾಫಿ ಕುಡಿಯುವ ರೂಢಿಯನ್ನು ತಮ್ಮ ಪ್ರವಾಸಕಥನದಲ್ಲಿ ಉಲ್ಲೇಖಿಸಿದ್ದಾರೆ. ಹೀಗಾಗಿ ಬಾಬಾ ಬುಡನ್ ಅವರ ಯಾತ್ರೆಯ ಕಾಲ 1670 ಎಂದಾದರೆ, ಅದಕ್ಕೂ ಮೊದಲೇ ಈ ಪಾನೀಯ ಭಾರತೀಯರಿಗೆ ತಿಳಿದಿತ್ತು. ಅವರ ಹೆಸರಿಗೆ ಸಲ್ಲುವ ಕೀರ್ತಿ ಬೆಳೆಗೆ ಸಂಬಂಧಿಸಿದ್ದು.

1696ರಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾ ದ್ವೀಪದ ಬಟೇವಿಯಾ ನಗರಕ್ಕೆ ಕಾಫಿ ಸಸಿಗಳನ್ನು ಕಳುಹಿಸಿದರು. ಇದರಿಂದ 17ನೇ ಶತಮಾನದ ಅಂತ್ಯದ ವೇಳೆಗೆ ಭಾರತದ ಪಶ್ಚಿಮ ಭಾಗದಲ್ಲಿ ಕಾಫಿ ಗಿಡಗಳಿದ್ದವೆಂಬುದು ಖಚಿತವಾಗುತ್ತದೆ. ಆ ಸಸಿಗಳು ಬಾಬಾ ಬುಡನ್ ಅವರ ಗಿಡಗಳ ಸಂತತಿಯೇ ಎಂಬುದಕ್ಕೆ ನೇರ ದಾಖಲೆ ಇಲ್ಲ. ಜಾವಾದಿಂದ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೂ, ಅಲ್ಲಿಂದ ಪ್ಯಾರಿಸ್ಸಿಗೂ, ಮುಂದೆ ಅಮೆರಿಕ ಖಂಡಕ್ಕೂ ಕಾಫಿ ಹರಡಿತು. ಟಿಪಿಕಾ ಎಂಬ ಪ್ರಸಿದ್ಧ ತಳಿಯ ಮೂಲ ಯೆಮೆನ್‌ನಿಂದ ಭಾರತದ ಮೂಲಕ ಜಾವಾ ತಲುಪಿತೆಂಬ ಅಭಿಪ್ರಾಯಕ್ಕೆ ಇತ್ತೀಚಿನ ವಂಶವಾಹಿ ಪರೀಕ್ಷೆಗಳೂ ಪೂರಕವಾಗಿವೆ.

ಗಿರಿ ಮತ್ತು ದರ್ಗಾ

ಚಂದ್ರದ್ರೋಣ ಪರ್ವತವು ಅರ್ಧಚಂದ್ರಾಕಾರದ ಶ್ರೇಣಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರವಾಗಿದ್ದು ಇದೇ ಶ್ರೇಣಿಗೆ ಸೇರಿದೆ. ಬಾಬಾ ಬುಡನ್ ಗಿರಿಯ ಎತ್ತರ 1,895 ಮೀಟರ್. ಗಿರಿಯ ಗುಹೆಯನ್ನು ಮುಸ್ಲಿಮರು ದಾದಾ ಹಯಾತ್ ಮತ್ತು ಬಾಬಾ ಬುಡನ್ ಅವರ ಸ್ಥಾನವೆಂದೂ, ಹಿಂದೂಗಳು ಗುರು ದತ್ತಾತ್ರೇಯರ ಪೀಠವೆಂದೂ ಪೂಜಿಸುತ್ತಾರೆ. ಇಲ್ಲಿನ ಗ್ರಾಮದ ಹೆಸರು ಇನಾಂ ದತ್ತಾತ್ರೇಯ ಪೀಠ. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾದಂತೆ ಇಲ್ಲಿಗೂ ಎರಡೂ ಧರ್ಮಗಳ ಭಕ್ತರು ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಉರುಸ್ ಮತ್ತು ದತ್ತ ಜಯಂತಿ ಆಚರಣೆಗಳು ನಡೆಯುತ್ತವೆ. 20ನೇ ಶತಮಾನದ ಕೊನೆಯ ದಶಕಗಳಿಂದ ಈ ಸ್ಥಳದ ಸ್ವರೂಪ ಮತ್ತು ಪೂಜಾ ವಿಧಾನವನ್ನು ಕುರಿತ ವಿವಾದ ಸರ್ಕಾರ ಹಾಗೂ ನ್ಯಾಯಾಲಯಗಳ ಮುಂದೆ ಬಂದಿದೆ.

ಪರಂಪರೆ

ಬಾಬಾ ಬುಡನ್ ಅವರ ಕಾಲದ ನಂತರ ದೀರ್ಘಕಾಲ ಕಾಫಿಯು ಹಿತ್ತಿಲ ಬೆಳೆಯಾಗಿ, ಸಣ್ಣ ಪ್ರಮಾಣದಲ್ಲಿ ಉಳಿಯಿತು. 19ನೇ ಶತಮಾನದ ಮೊದಲಾರ್ಧದಲ್ಲಿ ಥಾಮಸ್ ಕ್ಯಾನನ್ ಎಂಬ ಯುರೋಪಿಯನ್ ಬೆಳೆಗಾರರು ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ನಂತರ ವಾಣಿಜ್ಯ ಕೃಷಿ ವಿಸ್ತರಿಸಿತು. ಹಳೆಯ ತಳಿಗೆ ಚಿಕ್ಕಮಗಳೂರಿನ ಹೆಸರಿನಿಂದ ಚಿಕ್ ಎಂಬ ಹೆಸರಿತ್ತು. ಕಾಂಡಕೊರಕ ಹುಳು ಮತ್ತು ಎಲೆ ತುಕ್ಕು ರೋಗದ ಹಾವಳಿಯಿಂದ 19ನೇ ಶತಮಾನದ ಉತ್ತರಾರ್ಧದಲ್ಲಿ ಅದು ಬಹುತೇಕ ನಾಶವಾಯಿತು. ಅದರ ಸ್ಥಾನಕ್ಕೆ ಕೂರ್ಗ್, ಕೆಂಟ್ಸ್ ಮುಂತಾದ ತಳಿಗಳು ಬಂದವು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಎಸ್. 795 ಎಂಬ ತಳಿಯನ್ನು ರೂಪಿಸಿತು. ಆದ್ದರಿಂದ ಇಂದು ಗಿರಿಯಲ್ಲಿರುವ ಗಿಡಗಳಿಗಿಂತ, ಈ ನೆಲದಲ್ಲಿ ಕಾಫಿ ಬೆಳೆಯಬಹುದೆಂಬ ಅರಿವೇ ಬಾಬಾ ಬುಡನ್ ಅವರಿಗೆ ಸಲ್ಲುವ ಮುಖ್ಯ ಕೊಡುಗೆ ಎನ್ನಬಹುದು.

1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಕಾಫಿ ಮಂಡಳಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಭಾರತದ ಒಟ್ಟು ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲಿ, ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಬೆಳೆಯುತ್ತದೆ. ಮಲೆನಾಡಿನ ಬೆಲ್ಲದ ಕಾಫಿಯಿಂದ ಹಿಡಿದು ಬೆಂಗಳೂರು, ಮೈಸೂರುಗಳ ಹೋಟೆಲುಗಳಲ್ಲಿ ಚಿಕೋರಿ ಬೆರೆಸಿ ಸೋಸುವ ಫಿಲ್ಟರ್ ಕಾಫಿಯವರೆಗೆ ಈ ಪಾನೀಯ ನಾಡಿನ ದೈನಂದಿನ ಬದುಕಿನ ಭಾಗವಾಗಿದೆ. 2019ರಲ್ಲಿ ಬಾಬಾ ಬುಡನ್ ಗಿರಿಯ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚಿಕ್ಕಮಗಳೂರು ಅರೇಬಿಕಾ ಮತ್ತು ಕೊಡಗಿನ ಅರೇಬಿಕಾ ಕಾಫಿಗಳೂ ಅದೇ ವರ್ಷ ಈ ಮಾನ್ಯತೆಯನ್ನು ಪಡೆದವು.