ದಂಡಿನಿಂದ ದಫ್ತರಕ್ಕೆ : ಸರ್ ಥಾಮಸ್ ಮನ್ರೋ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಕ್ರಿ.ಶ. 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ನಿಜಾಮನು ಬಿಟ್ಟುಕೊಟ್ಟ ಈ ಪ್ರಾಂತಕ್ಕೆ ದತ್ತಮಂಡಲವೆಂದು ಹೆಸರಾಯಿತು. ಇದರ ಪ್ರಧಾನ ಕಲೆಕ್ಟರರಾಗಿ ಬಂದ ಥಾಮಸ್ ಮನ್ರೋ ಅವರು ಮೂಲತಃ ಕಂದಾಯದ ಅಧಿಕಾರಿಗಳಲ್ಲ, ದಂಡಿನಲ್ಲಿ ಬೆಳೆದವರು. ಸೈನಿಕರೊಬ್ಬರಿಗೆ ಮುಲ್ಕಿ ಉದ್ಯೋಗವು ಒದಗಿದ ಬಗೆಯು ವಿದ್ಯಾರ್ಥಿಗಳಿಗೆ ಮನನಯೋಗ್ಯವಾಗಿದೆ.

ಮನ್ರೋ ಅವರು 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ವರ್ತಕರಾದ ತಂದೆಯವರ ಸಂಪತ್ತು ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ನಷ್ಟವಾಯಿತು. ಬಾಲ್ಯದ ದಡಾರದಿಂದ ಅವರ ಕಿವಿ ಮಂದವಾಗಿತ್ತು. 1780ರಲ್ಲಿ ಮದರಾಸಿಗೆ ಬಂದು ಕಂಪನಿಯ ಪದಾತಿದಳವನ್ನು ಸೇರಿ, ಹೈದರಾಲಿಯೊಡನೆ ನಡೆದ ಯುದ್ಧದಲ್ಲಿ ಪಾಲ್ಗೊಂಡರು. ಅಲ್ಪ ವೇತನದಲ್ಲಿಯೂ ಉಳಿಸಿ ತಂದೆತಾಯಿಗಳಿಗೆ ಕಳುಹಿಸುತ್ತಿದ್ದರು. ಬಿಡುವಿನ ವೇಳೆಯನ್ನು ಪಾರಸಿ, ಹಿಂದೂಸ್ತಾನಿ ಭಾಷೆಗಳ ಅಭ್ಯಾಸಕ್ಕೆ ಮೀಸಲಿರಿಸಿದರು.

ಈ ಅಭ್ಯಾಸವೇ ಮುಂದೆ ಅವರ ಭಾಗ್ಯೋದಯಕ್ಕೆ ಕಾರಣವಾಯಿತು. 1792ರಲ್ಲಿ ಟೀಪುಸುಲ್ತಾನನಿಂದ ಬಾರಾಮಹಲ್ ಪ್ರಾಂತವು ಕಂಪನಿಗೆ ದೊರೆತಾಗ, ಮದರಾಸಿನ ಮುಲ್ಕಿ ಅಧಿಕಾರಿಗಳಲ್ಲಿ ದೇಶಭಾಷೆಗಳನ್ನು ಬಲ್ಲವರು ವಿರಳರಾಗಿದ್ದರು. ಆದುದರಿಂದ ಗವರ್ನರ್ ಜನರಲ್ ಕಾರ್ನ್‌ವಾಲಿಸರು ಸೈನ್ಯದ ಅಲೆಕ್ಸಾಂಡರ್ ರೀಡ್ ಅವರಿಗೆ ಆಡಳಿತವನ್ನು ವಹಿಸಿ, ಮೂವರು ಸೇನಾಧಿಕಾರಿಗಳನ್ನೇ ಸಹಾಯಕರನ್ನಾಗಿ ಕೊಟ್ಟರು. ಅವರಲ್ಲಿ ಮನ್ರೋ ಒಬ್ಬರು. ಏಳು ವರ್ಷಗಳ ಕಾಲ ಹೊಲಹೊಲವನ್ನು ತಿರುಗಿ ಭೂಕಂದಾಯದ ಮರ್ಮವನ್ನರಿತರು. ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯು ಅಲ್ಲಿ ರೂಪುಗೊಂಡಿತು. 1799ರಲ್ಲಿ ಕೆನರಾ ಪ್ರಾಂತಕ್ಕೂ, 1800ರಲ್ಲಿ ದತ್ತಮಂಡಲಕ್ಕೂ ಅವರ ನೇಮಕವಾಯಿತು.

ಆಗ ಈ ಮಂಡಲದಲ್ಲಿ ಸುಮಾರು ಎಂಬತ್ತು ಮಂದಿ ಪಾಳೆಯಗಾರರಿದ್ದರು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳು ಪಾಳೆಯಪಟ್ಟುಗಳೆಂದು ಪ್ರಸಿದ್ಧವಾಗಿದ್ದವು. ಮನ್ರೋ ಅವರು ಪಾಳೆಯಗಾರರ ಬಲವನ್ನು ಮುರಿದರು. ಅನೇಕ ಮನೆತನಗಳು ಅಧಿಕಾರವನ್ನು ಕಳೆದುಕೊಂಡವು. ಈ ಕಾಠಿಣ್ಯವನ್ನು ಕಂಪನಿಯ ನಿರ್ದೇಶಕರೂ ಆಕ್ಷೇಪಿಸಿದರು. ಅನಂತರ ಗ್ರಾಮಗ್ರಾಮಗಳ ಮೋಜಣಿ ನಡೆಯಿತು. ತಾವು ವಿಧಿಸಿದ ಕಂದಾಯವು ರೈತರಿಗೆ ಭಾರವೆಂಬುದನ್ನು ಮನಗಂಡ ಅವರು, 1807ರಲ್ಲಿ ಶೇಕಡಾ 25ರಷ್ಟು ಇಳಿಸಬೇಕೆಂದು ಸೂಚಿಸಿದರು. ಸರಕಾರವು ಒಪ್ಪಲಿಲ್ಲ. ಬದಲಾಗಿ ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ತಂದುದರಿಂದ ರೈತರು ಬಹಳ ನೊಂದರು. 1820ರಲ್ಲಿ ಮದರಾಸಿನ ಗವರ್ನರರಾದಾಗ ಮನ್ರೋ ಅವರು ಆ ಇಳಿಕೆಯನ್ನು ತಾವೇ ಜಾರಿಗೆ ತಂದರು.

1822ರಲ್ಲಿ ಪ್ರಾಂತದ ಶಾಲೆಗಳ ಗಣತಿಗೆ ಆಜ್ಞಾಪಿಸಿದರು. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ಲರು ಒಪ್ಪಿಸಿದ ವರದಿಯಂತೆ, ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ 235 ಕನ್ನಡದವು, ಇಂಗ್ಲಿಷಿನದು ಒಂದೇ. ಬಾಲಿಕೆಯರು ಕೇವಲ 60 ಮಂದಿ. ಲಿಂಗವಂತರ ಮಕ್ಕಳು ಬಸವಪುರಾಣ, ಚೆನ್ನಬಸವಪುರಾಣಗಳಂತಹ ಗ್ರಂಥಗಳನ್ನು ಓದುತ್ತಿದ್ದರು. ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿರುವುದನ್ನೂ ವರದಿಯು ಮರೆಮಾಡಲಿಲ್ಲ.

ದೇಶೀಯರನ್ನು ಕೆಳಗಿನ ಹುದ್ದೆಗಳಲ್ಲಿಯೇ ಇರಿಸಿದರೆ ಅವರ ಶೀಲವೂ ಉತ್ಸಾಹವೂ ಕುಂದುವುವೆಂದು ಮನ್ರೋ ಅವರು 1824ರಲ್ಲಿ ಸರಕಾರಕ್ಕೆ ತಿಳಿಸಿ, ಉನ್ನತ ಪದವಿಗಳು ಅವರಿಗೂ ದೊರೆಯಬೇಕೆಂದು ವಾದಿಸಿದರು. ಆ ಪದವಿಗಳಿಗೆ ಯೋಗ್ಯರು ಸಿದ್ಧರಾಗಬೇಕಾದರೆ ಶಾಲೆಗಳು ಬೇಕು. 1826ರಲ್ಲಿ ಜಿಲ್ಲೆ, ತಾಲ್ಲೂಕುಗಳಲ್ಲಿ ಶಾಲೆಗಳನ್ನು ತೆರೆಯುವ ಯೋಜನೆಯನ್ನು ರೂಪಿಸಿದರು. ಅದು ಫಲಿಸುವುದನ್ನು ಕಾಣುವ ಯೋಗ ಅವರಿಗಿರಲಿಲ್ಲ. ದತ್ತಮಂಡಲದ ಸಂಚಾರದಲ್ಲಿದ್ದಾಗ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ವ್ಯಾಧಿಯಿಂದ ನಿಧನರಾದರು. ಈ ಭಾಗದ ಕೆಲವು ಮನೆಗಳಲ್ಲಿ ಮಕ್ಕಳಿಗೆ ಅವರ ಹೆಸರನ್ನಿಟ್ಟರು.

ಮನ್ರೋ ಅವರು ಪರಕೀಯ ಪ್ರಭುತ್ವದ ಸೇವಕರೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಅವರಿಗೆ ಮುಲ್ಕಿ ಪದವಿಯನ್ನು ದೊರಕಿಸಿದುದು ಜನರ ನುಡಿಯ ಅರಿವು. ಆ ಪದವಿಯನ್ನು ಸಾರ್ಥಕಗೊಳಿಸಿದುದು ತಮ್ಮ ಲೆಕ್ಕದ ತಪ್ಪನ್ನು ತಾವೇ ತಿದ್ದಿಕೊಂಡ ಮನಸ್ಸು. ಸರಕಾರಿ ಸೇವೆಯನ್ನು ಬಯಸುವ ನಮ್ಮ ತರುಣರಲ್ಲಿ ಈ ಎರಡನ್ನೂ ಬೆಳೆಸುವುದು ವಿದ್ಯಾಲಯಗಳ ಕರ್ತವ್ಯವಾಗಿದೆ.